ಐವತ್ತು ಉಸಿರು

ನಾನು ಒಂದು ಸ್ಟಾಪ್‌ವಾಚ್. ಗಡಿಯಾರ ಎಂದು ಕರೆದರೆ ನನಗೆ ಸಿಟ್ಟು ಬರುತ್ತದೆ. ಗಡಿಯಾರಕ್ಕೇನು, ಗೋಡೆಗೆ ನೇತುಬಿದ್ದು ದಿನವಿಡೀ ತನ್ನಷ್ಟಕ್ಕೆ ಸುತ್ತುತ್ತಿರುತ್ತದೆ. ಯಾರು ಹುಟ್ಟಿದರು, ಯಾರು ಸತ್ತರು ಎಂಬ ಗೊಡವೆ ಅದಕ್ಕಿಲ್ಲ. ನನ್ನನ್ನು ಯಾರಾದರೂ ಒತ್ತಿದರೆ ಮಾತ್ರ ಓಡುತ್ತೇನೆ. ಮತ್ತೆ ಒತ್ತಿದರೆ ನಿಲ್ಲುತ್ತೇನೆ. ಮೂರನೆಯ ಸಲ ಒತ್ತಿದರೆ ಸೊನ್ನೆಗೆ ಹೋಗಿ ಕೂರುತ್ತೇನೆ. ಇದಿಷ್ಟೇ ನನ್ನ ವಿದ್ಯೆ, ಆದರೆ ಅದರಲ್ಲಿ ನಾನು ಯಾರಿಗೂ ಸುಳ್ಳು ಹೇಳಿದ್ದಿಲ್ಲ.

ನಾನು ಹುಟ್ಟಿದ ಕಾರ್ಖಾನೆಯ ಹೆಸರು ನನ್ನ ಬೆನ್ನ ಮೇಲಿತ್ತು. ಬೆವರು ಕೈಗಳಲ್ಲಿ ತಿರುಗಿ ತಿರುಗಿ ಅದು ಸವೆದುಹೋಯಿತು. ನೆನಪಿರುವುದು ಒಬ್ಬ ಹೆಂಗಸಿನ ಮುಖ ಮಾತ್ರ. ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ರಾಗಿಕಾಳಿನಷ್ಟು ಸಣ್ಣ ಚಕ್ರಗಳನ್ನು ಚಿಮುಟದಲ್ಲಿ ಎತ್ತಿ ನನ್ನೊಳಗೆ ಇಡುತ್ತಿದ್ದಳು. ಕೊನೆಗೆ ಕೀಲಿ ಕೊಟ್ಟು, ಗುಂಡಿ ಒತ್ತಿ, ಕಿವಿಗೆ ಹಿಡಿದು ನಕ್ಕಳು. ಆಮೇಲೆ ಹತ್ತಿಯಲ್ಲಿ ಸುತ್ತಿ ಡಬ್ಬಕ್ಕೆ ಹಾಕಿದಳು.

ನನ್ನ ಮೊದಲ ಯಜಮಾನ ಬೊಮ್ಮಯ್ಯ ಗಾಂವಕರ, ಕರಾವಳಿಯ ಒಂದು ಹೈಸ್ಕೂಲಿನ ಆಟದ ಮೇಷ್ಟ್ರು. ಶಾಲೆಗೆ ಮೈದಾನವಿರಲಿಲ್ಲ. ಇಳಿತದ ಹೊತ್ತಿಗೆ ಸಮುದ್ರ ಬಿಟ್ಟುಕೊಟ್ಟ ಗಟ್ಟಿ ಮರಳಿನ ಮೇಲೆ ಹಗ್ಗ ಹಾಸಿ ಮಕ್ಕಳನ್ನು ಓಡಿಸುತ್ತಿದ್ದರು. ಅದು ನನ್ನ ಜೀವನದ ಸುಖದ ಕಾಲ. ಓಡುವವರ ಎದೆ ದಾರಕ್ಕೆ ತಾಗಿದೊಡನೆ ನನ್ನನ್ನು ಒತ್ತಿ, ಮೇಷ್ಟ್ರು ದೊಡ್ಡದಾಗಿ ಸೆಕೆಂಡು ಕೂಗುತ್ತಿದ್ದರು. ಮಕ್ಕಳು ಏದುಸಿರು ಬಿಡುತ್ತ ಬಂದು ನನ್ನ ಮುಖ ಇಣುಕಿ ನೋಡುತ್ತಿದ್ದರು. ಉಸಿರು ಎಂದರೆ ಹೀಗೆ, ಓಡಿದ ಮೇಲೆ ಇನ್ನೂ ಜೋರಾಗುವುದು ಎಂದು ನಾನು ತಿಳಿದಿದ್ದೆ.

ಮೇಷ್ಟ್ರ ಕಣ್ಣು ಮಂಜಾದ ಮೇಲೆ ನನ್ನ ಸಣ್ಣ ಮುಳ್ಳು ಅವರಿಗೆ ಕಾಣದಾಯಿತು. ಅವರ ಹಳೆಯ ಶಿಷ್ಯ ವಿಠೋಬ ಹರಿಕಂತ್ರ ಒಂದು ದಿನ ನೋಡಲು ಬಂದಿದ್ದ. ಹೊಳೆ ಸಮುದ್ರ ಸೇರುವ ಅಳಿವೆಯ ಬಾಯಲ್ಲಿದ್ದ ಒಂದು ಸಣ್ಣ ಸಂಶೋಧನಾ ಪ್ರಯೋಗಾಲಯದಲ್ಲಿ ಅವನು ಸಹಾಯಕ. ಅಲ್ಲಿಯ ಬ್ಯಾಟರಿ ವಾಚುಗಳು ಉಪ್ಪುಗಾಳಿಗೆ ವರ್ಷಕ್ಕೊಂದರಂತೆ ಕೆಡುತ್ತವೆ ಎಂದು ಮಾತಿಗೆ ಹೇಳಿದ. ಮೇಷ್ಟ್ರು ನನ್ನನ್ನು ಅವನ ಕೊರಳಿಗೆ ಹಾಕಿ, "ತಕಂಡ್ ಹೋಗು ಮಾರಾಯಾ. ಇಲ್ಲಿದ್ರೆ ಇದಕ್ಕೂ ನನ್ನ ಹಂಗೇ ತುಕ್ಕು ಹಿಡೀತದೆ," ಎಂದರು.

ಹೊಸ ಜಾಗದಲ್ಲಿ ಏನು ಓಡುತ್ತದೆ ಎಂದು ಮೊದಲ ದಿನ ನನಗೆ ಅರ್ಥವಾಗಲಿಲ್ಲ. ವಿಠೋಬ ಒಂದು ಬಿಳಿ ಇಲಿಯನ್ನು ಹಿಡಿದು, ಅದರ ಹೊಟ್ಟೆಗೆ ಸೂಜಿ ಚುಚ್ಚಿ, ಗಾಜಿನ ಜಾಡಿಗೆ ಬಿಟ್ಟು ನನ್ನನ್ನು ಒತ್ತಿದ. ನಾನು ಹುರುಪಿನಿಂದ ಹೊರಟೆ. ಇಲಿಯೂ ಜಾಡಿಯ ಸುತ್ತ ಓಡಿತು. ಮೂರು ನಿಮಿಷದಲ್ಲಿ ಅದರ ಹಿಂಗಾಲು ಎಳೆಯತೊಡಗಿತು. ಆಮೇಲೆ ಪಕ್ಕಕ್ಕೆ ಬಿದ್ದು ಬಾಯಿ ತೆರೆದು ಗಾಳಿ ಹುಡುಕಿತು. ಕೊನೆಯ ಏದುಸಿರಿಗೆ ಸರಿಯಾಗಿ ವಿಠೋಬನ ಹೆಬ್ಬೆರಳು ನನ್ನನ್ನು ಒತ್ತಿತು. ಆರು ನಿಮಿಷ ಎರಡು ಸೆಕೆಂಡು. ಅವನು ಅದನ್ನು ಬರೆದುಕೊಂಡ. ಶಿವನೇ, ಇದೆಂಥ ಓಟ ಎಂದು ನನಗೆ ಆ ಹೊತ್ತು ಅನ್ನಿಸಿತು.

ಅಲ್ಲಿಯ ವಿಜ್ಞಾನಿ ಡಾಕ್ಟರ್ ಇಂದುಮತಿ ಬಾಳಿಗಾ ಬಂದವರಿಗೆಲ್ಲ ವಿವರಿಸುತ್ತಿದ್ದುದನ್ನು ಕೇಳಿ ಕೇಳಿ ನನಗೂ ವಿಷಯ ತಿಳಿಯಿತು. ಸಮುದ್ರದ ನೀರಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಸಸ್ಯಗಳು ತೇಲುತ್ತಿರುತ್ತವೆ. ಅವುಗಳಲ್ಲಿ ಕೆಲವು ಜಾತಿಯವು ವಿಷದವು. ಹೊಳೆಯ ಕೆಸರಿನಲ್ಲಿ ಹುದುಗಿ ಕೂತ ಬಳಚು, ಅಂದರೆ ತಿನ್ನುವ ಚಿಪ್ಪುಮೀನು, ನೀರನ್ನು ಸೋಸಿ ಸೋಸಿ ಅವನ್ನೇ ತಿನ್ನುತ್ತದೆ. ಬಳಚಿಗೆ ಏನೂ ಆಗುವುದಿಲ್ಲ. ಅದನ್ನು ತಿಂದ ಮನುಷ್ಯನ ತುಟಿ ಜುಮ್ಮೆಂದು, ಕೈಕಾಲು ಸೋತು, ಕೊನೆಗೆ ಉಸಿರೆಳೆಯುವ ಶಕ್ತಿಯೇ ಹೋಗುತ್ತದೆ. ಬೆಂಕಿಗೆ ಸಾಯುವ ವಿಷವಲ್ಲ ಅದು. ಆದ್ದರಿಂದ ಬಳಚಿನ ಮಾಂಸವನ್ನು ಆಮ್ಲದಲ್ಲಿ ಕುದಿಸಿ, ರಸ ತೆಗೆದು, ಮೂರು ಇಲಿಗಳಿಗೆ ಚುಚ್ಚುವುದು. ಬೇಗ ಸತ್ತರೆ ವಿಷ ಹೆಚ್ಚು, ನಿಧಾನವಾಗಿ ಸತ್ತರೆ ಕಡಿಮೆ, ಹದಿನೈದು ನಿಮಿಷ ಕಳೆದೂ ಬದುಕಿದ್ದರೆ ಭಯವಿಲ್ಲ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎನ್ನುತ್ತಾರಲ್ಲ, ಇಲ್ಲಿ ಬೆಕ್ಕಿಗೂ ಚೆಲ್ಲಾಟವಿರಲಿಲ್ಲ. ಇಲಿ ಸತ್ತ ದಿನ ವಿಠೋಬ ಮಧ್ಯಾಹ್ನದ ಬುತ್ತಿ ಬಿಚ್ಚುತ್ತಿರಲಿಲ್ಲ.

ಹೀಗೆ ಏಳು ವರ್ಷ ಕಳೆಯಿತು. ಇಷ್ಟರಲ್ಲಿ ಅವನ ಹೆಬ್ಬೆರಳಿಗೆ ಅಭ್ಯಾಸ ಎಷ್ಟು ಬಲಿತಿತ್ತೆಂದರೆ, ಎಡಗೈಯಾದರೂ ಸರಿ ಬಲಗೈಯಾದರೂ ಸರಿ, ಕೊನೆಯ ಉಸಿರು ಕಂಡ ಕೂಡಲೇ ಬೆರಳು ತಾನಾಗಿ ಒತ್ತುತ್ತಿತ್ತು.

ಎಂಟನೆಯ ವರ್ಷ, ಮಳೆಗಾಲ ಮುಗಿದ ಮೇಲೆ, ಅಳಿವೆಯ ನೀರು ಬಣ್ಣ ತಿರುಗಿತು. ಇಲಿಗಳು ಐದು ನಿಮಿಷಕ್ಕೆ ಸತ್ತವು. ದೋಣಿ ಕಟ್ಟುವ ದಕ್ಕೆಯಲ್ಲಿ ಬೋರ್ಡು ಬಂತು: ಬಳಚು ತೆಗೆಯಬಾರದು, ತಿನ್ನಬಾರದು. ಸತತ ಎರಡು ವಾರ ಇಲಿ ಬದುಕಿದರೆ ಮಾತ್ರ ಬೋರ್ಡು ತೆಗೆಯುವುದೆಂದು ಬಾಳಿಗಾ ಡಾಕ್ಟರು ಕಟ್ಟುನಿಟ್ಟು ಮಾಡಿದ್ದರು.

ಅದೇ ಸಮಯಕ್ಕೆ ವಿಠೋಬನ ಹೆಂಡತಿ ರುಕ್ಮ ಹೆಣ್ಣುಮಗು ಹೆತ್ತು ತವರಿನಲ್ಲಿದ್ದಳು. ತವರು ಎಂದರೆ ಹೊಳೆಯಾಚೆಯೇನಲ್ಲ, ಪ್ರಯೋಗಾಲಯದಿಂದ ಕೂಗಳತೆಯ ಕೇರಿ. ಅವಳ ತಾಯಿ ಬುದವಂತಿ ಮೂವತ್ತು ವರ್ಷದಿಂದ ಬಳಚು ತೆಗೆಯುವವಳು. ಗಟ್ಟಿ ಹೆಂಗಸು, ಮಾತು ಇನ್ನೂ ಗಟ್ಟಿ. ಆದರೆ ಆ ವಾರ ಅವಳ ಮಾತು ಸೋತಿತ್ತು. ರುಕ್ಮನಿಗೆ ಎದೆಹಾಲು ಇಳಿದಿರಲಿಲ್ಲ. ಮಗು ಒಂದೇ ಸಮನೆ ಅಳುತ್ತಿತ್ತು. ಆ ಕೇರಿಯಲ್ಲಿ ಬಾಣಂತಿಗೆ ಹಾಲು ಬರಲು ಕೊಡುವುದು ಬಳಚು ಬೇಯಿಸಿದ ನೀರು. ಬೇಳೆ ಬೆಂದ ನೀರಿಗೆ ಹೇಳುವಂತೆ ಅದಕ್ಕೂ ಕಟ್ಟು ಎನ್ನುತ್ತಾರೆ. ಮಾಂಸ ಮನೆಯವರಿಗೆ, ಕಟ್ಟು ಬಾಣಂತಿಗೆ.

ಬುದವಂತಿ ದಿನಾ ಬಂದು ಪ್ರಯೋಗಾಲಯದ ಜಗಲಿಯಲ್ಲಿ ಕೂರುತ್ತಿದ್ದಳು.

"ಹುಡ್ಗಿ ಬರೇ ಚೀಪ್ತದೆ ವಿಠೋಬಾ. ಹೊಟ್ಟೆಗೆ ಒಂದ್ ಹನಿ ಇಳೂದಿಲ್ಲ. ಅತ್ತು ಅತ್ತು ದನಿ ಬಿದ್ಹೋಯ್ತು. ನಿಮ್ಮ ಇಲಿ ಹೂಂ ಅಂದ್ರೆ ನಾ ಒಲೆ ಹಚ್ತೆ," ಎನ್ನುತ್ತಿದ್ದಳು.

"ಪುಡಿ ಹಾಲು ತಂದ್ಕೊಟ್ಟಿದ್ನಲ್ಲ ಅತ್ತೆ?"

"ಅದ್ ಕುಡ್ದದ್ದೆಲ್ಲ ವಾಂತಿ ಮಾಡ್ತದೆ. ನಿಮ್ಮ ಮಗೂ ಅಲ್ದಾ ಅದು, ಒಂದ್ಸಲ ಬಂದ್ ನೋಡಿ."

ಅವನು ನೋಡಿ ಬಂದಿದ್ದ. ಆ ದಿನ ಅವನ ಎದೆಬಡಿತ ನನ್ನ ಟಿಕ್ ಟಿಕ್‌ಗಿಂತ ಜೋರಾಗಿತ್ತು.

ಆ ವಾರ ಬಾಳಿಗಾ ಡಾಕ್ಟರು ಸಭೆಗೆಂದು ಬೇರೆ ಊರಿಗೆ ಹೋಗಬೇಕಾಗಿತ್ತು. ಹೊರಡುವಾಗ, "ವಿಠೋಬ, ಬಳಚು ಹಸಿಯಾಗಿ, ಚಿಪ್ಪಿನ ಸಮೇತ ಬರಬೇಕು," ಎಂದಿದ್ದರು. ಪ್ರಯೋಗಾಲಯದ ದೋಣಿಯ ಎಂಜಿನ್ ಕೆಟ್ಟು ಕೂತಿತ್ತು. ವಿಠೋಬ ಅತ್ತೆಗೇ ಹೇಳಿದ, ಹೊಳೆಯಲ್ಲಿ ಪರೀಕ್ಷೆಗೆಂದು ಗೂಟ ನೆಟ್ಟ ಜಾಗದಿಂದ ಒಂದು ಬುಟ್ಟಿ ತೆಗೆದು ತಂದುಕೊಡಿ ಎಂದು.

ಅವಳು ತಂದಳು. ಬುಟ್ಟಿಯಲ್ಲಲ್ಲ, ಬೆಳಗಿ ತೊಳೆದ ಸ್ಟೀಲಿನ ಡಬ್ಬಿಯಲ್ಲಿ. ಆ ಕೇರಿಯಲ್ಲಿ ಅಳಿಯನ ಕೈಗೆ ಕೆಸರು ಮೆತ್ತಿದ ಚಿಪ್ಪು ಕೊಡುವ ಪದ್ಧತಿಯಿಲ್ಲ. ತಾನೇ ಒಡೆದುಕೊಂಡು ತಿನ್ನಲಿ ಎಂದು ಕೊಟ್ಟರೆ ಅದು ಅಳಿಯನಿಗೆ ಮಾಡಿದ ಅವಮಾನ. ಬೇಯಿಸಿ, ಬಾಯಿಬಿಟ್ಟ ಚಿಪ್ಪಿನಿಂದ ಮಾಂಸ ಬಿಡಿಸಿ, ಮರಳು ಹೋಗುವಂತೆ ಎರಡು ನೀರಲ್ಲಿ ತೊಳೆದು ಕೊಡಬೇಕು. ಪರೀಕ್ಷೆಗೇ ಇರಲಿ, ಪರಮಾನ್ನಕ್ಕೇ ಇರಲಿ, ಅಳಿಯ ಅಳಿಯನೇ.

"ಅತ್ತೆ, ಹಸೀದು ಬೇಕಿತ್ತು," ಎಂದ ವಿಠೋಬ.

"ಹಸೀದು ಕೊಡೂಕೆ ನೀವೇನು ಸಂತೆ ಗಿರಾಕಿಯಾ? ನಾಳೆ ನಾಕ್ ಜನ ಆಡ್ಕಂತಾರೆ."

ಅವನು ಡಬ್ಬಿ ಹಿಡಿದು ನಿಂತ. ಹೊರಗೆ ಭರತ ಏರಿ ಗೂಟಗಳು ಮುಳುಗಿದ್ದವು. ಇನ್ನು ಹಸಿ ಬಳಚು ಸಿಗಬೇಕಾದರೆ ಮರುದಿನದವರೆಗೆ ಕಾಯಬೇಕು. ಆ ಕಡೆ ಕೇರಿಯಿಂದ ಮಗುವಿನ ದನಿ ಬರುತ್ತಲೇ ಇತ್ತು. 'ಹೇಗೂ ಆಮ್ಲದಲ್ಲಿ ಕುದಿಸುವುದೇ ತಾನೆ, ಬೆಂದ ಮಾಂಸವನ್ನು ಇನ್ನೊಮ್ಮೆ ಬೇಯಿಸಿದರೆ ಏನಾಯಿತು' ಎಂದು ತನ್ನಷ್ಟಕ್ಕೆ ಹೇಳಿಕೊಂಡ. ನನಗೆ ಬಾಯಿ ಇದ್ದಿದ್ದರೆ ಆಗ ಕಿರುಚುತ್ತಿದ್ದೆನೋ ಏನೋ. ಆದರೆ ನನಗೂ ಅವನಷ್ಟೇ ಗೊತ್ತಿತ್ತು.

ಮೂರು ಇಲಿಗಳು ಹದಿನೈದು ನಿಮಿಷ ಓಡಾಡಿದವು. ಇಪ್ಪತ್ತಾದರೂ ಮೀಸೆ ಉಜ್ಜಿಕೊಳ್ಳುತ್ತ ಕೂತಿದ್ದವು. ವಿಠೋಬ ಎಷ್ಟೋ ದಿನಗಳ ಮೇಲೆ ನಕ್ಕ. ಜಗಲಿಗೆ ಬಂದು, "ಇಲಿ ಬದ್ಕಿದಾವೆ ಅತ್ತೆ," ಎಂದ.

"ಹಂಗಾರೆ ಒಲೆ ಹಚ್ಲಾ?"

ಅವನು ಕೇರಿಯ ಕಡೆ ನೋಡಿದ. "ಬೋರ್ಡ್ ತೆಗೆಯೂಕೆ ಇನ್ನೂ ಒಂದ್ ವಾರ ಆಗ್ಬೇಕು. ಕೇರಿಲಿ ಯಾರಿಗೂ ಹೇಳ್ಬೇಡಿ. ನಾಳೆ ರುಕ್ಮಂಗೆ ಮಾತ್ರ ಒಂದ್ ಚೊಂಬು ಕೊಡಿ."

ಮರುದಿನ ಬೆಳಗಿನ ಇಳಿತದಲ್ಲಿ ಬುದವಂತಿ ಅದೇ ಗೂಟದ ಬುಡದಿಂದ ಬಳಚು ತೆಗೆದಳು. ನೀರು ಅರ್ಧಕ್ಕೆ ಇಳಿಯುವವರೆಗೆ ಕುದಿಸಿ, ಮೆಣಸು ಹಾಕಿ, ಮಗಳಿಗೆ ಕುಡಿಸಿದಳು. ತಳದಲ್ಲಿ ಉಳಿದದ್ದನ್ನು ತಾನು ಕುಡಿದಳು. ಬಾಣಂತಿ ಬಿಟ್ಟದ್ದನ್ನು ಚೆಲ್ಲಬಾರದು, ಅವಳನ್ನು ಹೆತ್ತ ತಾಯಿಯೇ ಕುಡಿಯಬೇಕು ಎಂಬುದೂ ಅಲ್ಲಿಯ ಪದ್ಧತಿ. ಮಧ್ಯಾಹ್ನ ವಿಠೋಬ ಊಟಕ್ಕೆ ಬಂದಾಗ ನಾನು ಅವನ ಕೊರಳಲ್ಲೇ ಇದ್ದೆ. ಮಗು ತೊಟ್ಟಿಲಲ್ಲಿ ಮಲಗಿತ್ತು, ಇನ್ನೂ ಎದೆಗೆ ಹಾಕಿರಲಿಲ್ಲ.

"ತುಟಿ ಜುಮ್ ಅಂತದೆ ಕಾಣಿ," ಎಂದಳು ರುಕ್ಮ. "ಮೆಣಸು ಜಾಸ್ತಿ ಆಯ್ತೇನ."

ಅವನ ಕೈಯಿಂದ ಅನ್ನದ ತುತ್ತು ಬಿತ್ತು.

ಪಕ್ಕದ ಮನೆಯವರ ಕೈಗೆ ಮಗುವನ್ನು ಕೊಟ್ಟು, ರಿಕ್ಷಾದಲ್ಲಿ ಇಬ್ಬರನ್ನೂ ಕೂರಿಸಿಕೊಂಡು ಊರಿನ ಆರೋಗ್ಯ ಕೇಂದ್ರಕ್ಕೆ ಹೋಗುವಷ್ಟರಲ್ಲಿ ರುಕ್ಮನ ಕೈ ಮೇಲೇಳುತ್ತಿರಲಿಲ್ಲ. ರೆಪ್ಪೆ ಇಳಿಬಿದ್ದಿತ್ತು. ಅಲ್ಲಿ ಒಬ್ಬ ಯುವ ಡಾಕ್ಟರು ಮತ್ತು ಸಿಸ್ಟರ್ ಫಿಲೋಮಿನಾ ಇದ್ದರು. ಏನು ತಿಂದಿದ್ದು ಎಂದು ಕೇಳಿದಾಗ ಬುದವಂತಿಯೇ ಹೇಳಿದಳು, "ಮಾಂಸ ಒಂದ್ ಚೂರೂ ಮುಟ್ಲಿಲ್ಲ ಡಾಕ್ಟ್ರೇ. ಬರೇ ಕಟ್ಟು ಕುಡದದ್ದು."

ವಿಠೋಬ ತಿರುಗಿ ಅತ್ತೆಯನ್ನು ನೋಡಿದ. "ನಿನ್ನೆ ನಂಗೆ ಕೊಟ್ಟ ಮಾಂಸ ಬೇಯ್ಸಿದ್ರಲ್ಲ, ಆ ನೀರು ಎಂತ ಮಾಡಿದ್ರಿ?"

"ಬೋರ್ಡ್ ಇತ್ತಲ್ಲ, ಕುಡ್ಯೂಕಿಲ್ಲ ಅಂತ ತೆಂಗಿನ ಬುಡಕ್ಕೆ ಚೆಲ್ಲಿದೆ."

ಆಗ ಅವನಿಗೆ ಅರ್ಥವಾಯಿತು. ನನಗೂ ಆಯಿತು. ವಿಷ ಬೆಂಕಿಗೆ ಸಾಯುವುದಿಲ್ಲ, ನೀರಿಗೆ ಇಳಿಯುತ್ತದೆ. ಇಲಿಗಳಿಗೆ ನಾವು ಚುಚ್ಚಿದ್ದು ತೊಳೆದು ಬಿಟ್ಟ ಮಾಂಸದ ರಸ. ವಿಷವೆಲ್ಲ ತೆಂಗಿನ ಬುಡದಲ್ಲಿತ್ತು. ಅಟ್ಟ ಮೇಲೆ ಒಲೆ ಉರಿದರೆ ಏನು ಬಂತು, ಕೆಟ್ಟ ಮೇಲೆ ಬುದ್ಧಿ ಬಂದರೆ ಏನು ಬಂತು. ಹದಿನೈದು ನಿಮಿಷ ಎಂದು ನಾನು ತೋರಿಸಿದ್ದು ಸುಳ್ಳಲ್ಲ, ನನ್ನದು ತಪ್ಪಲ್ಲ ಎಂದು ನೂರು ಸಲ ಹೇಳಿಕೊಂಡಿದ್ದೇನೆ. ಹೇಳಿಕೊಂಡು ಸಮಾಧಾನವಾಗಿಲ್ಲ.

"ಇದಕ್ಕೆ ಮದ್ದಿಲ್ಲ," ಎಂದರು ಡಾಕ್ಟರು. "ಉಸಿರು ನಿಲ್ಲದ ಹಾಗೆ ನೋಡ್ಕೊಂಡ್ರೆ ವಿಷ ತಾನಾಗಿ ಮೂತ್ರದಲ್ಲಿ ಹೋಗ್ತದೆ. ಉಸಿರಿನ ಮಷೀನು ಇರೋದು ದೊಡ್ಡ ಆಸ್ಪತ್ರೇಲಿ, ಒಂದೂವರೆ ತಾಸಿನ ದಾರಿ." ರುಕ್ಮನ ಗಂಟಲಿಗೆ ನಳಿಗೆ ಇಳಿಸಿ, ಅದಕ್ಕೆ ರಬ್ಬರಿನ ಗಾಳಿಚೀಲ ಸಿಕ್ಕಿಸಿದರು. ಅಲ್ಲಿ ಅಂಥ ಚೀಲ ಎರಡಿದ್ದವು. ಇನ್ನೊಂದರ ರಬ್ಬರು ಬಿರುಕುಬಿಟ್ಟಿತ್ತು. "ಐದು ಸೆಕೆಂಡಿಗೆ ಒಂದು ಸಲ ಒತ್ತಿ. ಹೆಚ್ಚೂ ಬೇಡ, ಕಡಿಮೆಯೂ ಬೇಡ. ಅವರು ನಿದ್ದೆ ಹೋಗಿಲ್ಲ, ತಿಳೀತಾ? ಕಣ್ಣು ಬಿಡೋಕಾಗೋದಿಲ್ಲ, ಆದರೆ ಎಲ್ಲ ಕೇಳಿಸ್ತದೆ. ಧೈರ್ಯ ಹೇಳ್ತಾ ಇರಿ."

ಡಾಕ್ಟರು ಕೇಂದ್ರ ಬಿಟ್ಟು ಬರುವಂತಿರಲಿಲ್ಲ. ಸಿಸ್ಟರ್ ಜೊತೆಗೆ ಹತ್ತಿದಳು, ಕೇಂದ್ರದ ವ್ಯಾನು ಹೊರಟಿತು. ವಿಠೋಬನ ಬಲಗೈಯಲ್ಲಿ ಚೀಲ, ಎಡಗೈಯಲ್ಲಿ ನಾನು. ಅವನು ನನ್ನನ್ನು ಒತ್ತಿದ. ನನ್ನ ಮುಳ್ಳು ಐದು ದಾಟಿದಾಗ ಒಂದು ಉಸಿರು, ಹತ್ತು ದಾಟಿದಾಗ ಇನ್ನೊಂದು. ಇಷ್ಟು ವರ್ಷ ಉಸಿರು ನಿಲ್ಲುವುದನ್ನು ಕಾದವನು ನಾನು, ಆ ದಿನ ಉಸಿರು ಹೊರಡಿಸುವ ಕೆಲಸ ಸಿಕ್ಕಿತು. ಪ್ರಾಣ ಹೋದರೂ ಒಂದು ಸೆಕೆಂಡು ತಪ್ಪಬಾರದು ಎಂದು ಓಡಿದೆ.

ಬುದವಂತಿ ಮಗಳ ಕಾಲ ಬಳಿ ಕೂತಿದ್ದಳು. ಹೊರಡುವಾಗ ಅವಳು ಮಾತಾಡುತ್ತಿದ್ದಳು. "ನಂಗೇನಿಲ್ಲ. ನೀವ್ ಅವ್ಳ ಕಡೆ ಕಾಣಿ," ಎಂದಳು. ಹತ್ತು ನಿಮಿಷಕ್ಕೆ ನಾಲಿಗೆ ತೊಡರಿತು. ಇಪ್ಪತ್ತಕ್ಕೆ ಪಕ್ಕಕ್ಕೆ ವಾಲಿದಳು. ಸಿಸ್ಟರ್ ಅವಳನ್ನು ಮಲಗಿಸಿ ಬಾಯಿಗೆ ಬಾಯಿಯಿಟ್ಟು ಊದತೊಡಗಿದಳು. ರಸ್ತೆ ಗುಂಡಿಮಯ, ವ್ಯಾನು ಎತ್ತಿ ಎತ್ತಿ ಒಗೆಯುತ್ತಿತ್ತು. ಬುದವಂತಿಯ ಹೊಟ್ಟೆಯಲ್ಲಿದ್ದದ್ದು ಬಾಯಿಗೆ ಬಂತು. ಒರೆಸಿ ಒರೆಸಿ ಊದಿದರೂ ಗಾಳಿ ಸಾಕಷ್ಟು ಒಳಗೆ ಹೋಗದಾಯಿತು.

"ಚೀಲ ಇತ್ತ ಕೊಡಿ," ಎಂದಳು ಸಿಸ್ಟರ್, ಬಾಯಿ ಒರೆಸಿಕೊಳ್ಳುತ್ತ. "ಮಾಸ್ಕ್ ಸಿಕ್ಸಿ ನಾಕ್ ಸಲ ಒತ್ತಿ ವಾಪಸ್ ಕೊಡ್ತೆ. ಅದಲು ಬದಲು ಮಾಡುವ."

ವಿಠೋಬ ನನ್ನನ್ನು ನೋಡಿದ. ಇಪ್ಪತ್ತೊಂದು ನಿಮಿಷ ಐದು ಸೆಕೆಂಡು. ರುಕ್ಮನಿಗೆ ಒಂದು ಉಸಿರು ಒತ್ತಿದ.

"ಕೊಡಿ ಅಣ್ಣಾ. ಅವ್ರಿಗೆ ಇಪ್ಪತ್ ಸೆಕೆಂಡ್ ಬಿಟ್ರೆ ಏನಾಗೂದಿಲ್ಲ. ಇವ್ರು ಹೋಗ್ತಾರೆ."

ಅವನು ತಲೆಯೆತ್ತಲಿಲ್ಲ. "ಇಲ್ಲ," ಎಂದ. "ಆಗೂದಿಲ್ಲ." ಇನ್ನೊಂದು ಉಸಿರು ಒತ್ತಿದ. ಅವನ ಬೆರಳುಗಳು ಚೀಲಕ್ಕೆ ಅಂಟಿಕೊಂಡಂತೆ ಬಿಳಿಚಿದ್ದವು. ಸಿಸ್ಟರ್ ಚೀಲಕ್ಕೆ ಕೈಹಾಕಿದಾಗ ಮೊಣಕೈಯಿಂದ ದೂಡಿದ. ಅವಳು ಅಳುತ್ತ ಮತ್ತೆ ಊದಲು ಬಾಗಿದಳು. ನನ್ನ ಎರಡು ಮುಳ್ಳುಗಳ ಎದುರಲ್ಲೇ ಬುದವಂತಿಯ ಬಾಯಿ ಗಾಳಿ ಹುಡುಕಿತು, ಒಂದು ಸಲ, ಸ್ವಲ್ಪ ತಡೆದು ಇನ್ನೊಂದು ಸಲ.

ಆಗ ವಿಠೋಬನ ಎಡ ಹೆಬ್ಬೆರಳು ನನ್ನನ್ನು ಒತ್ತಿತು.

ಇಪ್ಪತ್ತೈದು ನಿಮಿಷ ಹದಿನೈದು ಸೆಕೆಂಡು. ಅವನು ಬೇಕೆಂದು ಮಾಡಿದ್ದಲ್ಲ, ಆಣೆ ಮಾಡಿ ಹೇಳುತ್ತೇನೆ. ಸಿಸ್ಟರ್ ನನ್ನನ್ನು ನೋಡಿದಳು, ಆಮೇಲೆ ಅವನ ಮುಖ ನೋಡಿದಳು. ಅವನ ಗಂಟಲಿಂದ ಹೊರಟ ಸದ್ದು ಮನುಷ್ಯರದ್ದಲ್ಲ. ಆದರೂ ಬಲಗೈ ನಿಲ್ಲಲಿಲ್ಲ. ಲೆಕ್ಕ ತಪ್ಪಬಾರದಲ್ಲ, ಎರಡು ಸಲ ಒತ್ತಿ ನನ್ನನ್ನು ಮತ್ತೆ ಸೊನ್ನೆಯಿಂದ ಓಡಿಸಿದ.

ದೊಡ್ಡ ಆಸ್ಪತ್ರೆಯ ಮಷೀನು ರುಕ್ಮನಿಗೆ ಉಸಿರು ಕೊಟ್ಟಿತು. ಮರುದಿನ ಅವಳ ಬೆರಳು ಅಲುಗಾಡಿತು, ಮೂರನೆಯ ದಿನ ನಳಿಗೆ ತೆಗೆದರು. ಊರಿಗೆ ಮರಳಿದ ಬಾಳಿಗಾ ಡಾಕ್ಟರಿಗೆ ವಿಠೋಬ ಒಂದನ್ನೂ ಮುಚ್ಚಿಡದೆ ಹೇಳಿದ. ಪಾತ್ರೆಯಲ್ಲಿ ಅಂಟಿದ್ದ ಕಟ್ಟನ್ನು ಅವರು ತಾವೇ ಇಲಿಗೆ ಚುಚ್ಚಿದರು. ಎರಡು ನಿಮಿಷವೂ ಹಿಡಿಯಲಿಲ್ಲ. ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಚಿಪ್ಪಿನ ಸಮೇತ ಅಂತ ಹೇಳಿದೆ, ಯಾಕೆ ಅಂತ ಹೇಳಲಿಲ್ಲ ನಾನು," ಎಂದರು. ವಿಠೋಬನನ್ನು ಇಲಿಗಳ ಕೆಲಸದಿಂದ ಬಿಡಿಸಿ ಉಗ್ರಾಣಕ್ಕೆ ಹಾಕಿದರು. ನಾನು ಅವನ ಸ್ವಂತದ್ದು, ಅವನೊಡನೆ ಮನೆಗೆ ಬಂದೆ.

ಒಂದು ತಿಂಗಳು ರುಕ್ಮ ಆ ದಾರಿಯ ಮಾತೆತ್ತಲಿಲ್ಲ. ಒಂದು ಮಧ್ಯಾಹ್ನ, ಮಗು ಮಲಗಿದ ಮೇಲೆ, ಮೊಳೆಯಿಂದ ನನ್ನನ್ನು ತೆಗೆದುಕೊಂಡು ಬಂದು ಅವನೆದುರು ಕೂತಳು.

"ಸಿಸ್ಟರ್ ಚೀಲ ಕೇಳಿದ್ ಮೇಲೆ ಅವ್ವಿ ಎಷ್ಟೊತ್ತು ಇದ್ಳು?"

"ನೋಡ್ಲಿಲ್ಲ ರುಕ್ಮ."

"ನೀವ್ ನೋಡೇ ಇರ್ತ್ರಿ," ಎಂದಳು. ಕೀಲಿ ಕೊಟ್ಟು, ಗುಂಡಿ ಒತ್ತಿ, ನನ್ನನ್ನು ಅವನ ಕೈಯಲ್ಲಿಟ್ಟಳು. "ಬಾಯಲ್ಲಿ ಹೇಳೂದ್ ಬೇಡ. ಅಷ್ಟೊತ್ತು ಆದ್ಮೇಲೆ ನಿಲ್ಸಿ."

ನಾನು ಓಡಿದೆ. ನಿಲ್ಲುವುದು ನನ್ನ ಕೈಯಲ್ಲಿದ್ದಿದ್ದರೆ ಅಲ್ಲೇ ಸ್ಪ್ರಿಂಗ್ ಮುರಿದುಕೊಳ್ಳುತ್ತಿದ್ದೆ. ಮೊದಲ ನಿಮಿಷಕ್ಕೇ ಅವನು ಬೆವೆತ. ಎರಡನೆಯ ನಿಮಿಷದಲ್ಲಿ ನಿಲ್ಲಿಸಿಬಿಡುತ್ತಾನೆ, ಸುಳ್ಳು ಹೇಳಿಬಿಡುತ್ತಾನೆ ಎಂದುಕೊಂಡೆ, ಹಾಗಾಗಲಿ ಎಂದೂ ಬೇಡಿದೆ. ಮೂರು ಕಳೆಯಿತು. ರುಕ್ಮ ಗೋಡೆಗೆ ಒರಗಿ ಕಣ್ಣು ಮುಚ್ಚಿ, ಆ ದಿನ ಮಲಗಿದ್ದ ಹಾಗೆಯೇ ಕೇಳಿಸಿಕೊಳ್ಳುತ್ತಿದ್ದಳು. ನಾಲ್ಕು ನಿಮಿಷ ಹತ್ತು ಸೆಕೆಂಡಿಗೆ ಅವನು ನಿಲ್ಲಿಸಿದ.

ಅವಳು ಕಣ್ಣು ಬಿಟ್ಟು ನೋಡಿದಳು. "ಇಷ್ಟೊತ್ತಲ್ಲಿ ನಂಗೆ ಎಷ್ಟು ಉಸ್ರು ಕೊಟ್ರಿ?"

"ಐವತ್ತು."

"ಅದ್ರಲ್ಲಿ ಅರ್ಧ ಅವ್ವಿಗೆ ಕೊಟ್ಟಿದ್ರೆ ನಾ ಸಾಯ್ತಿದ್ನಾ?"

ವಿಠೋಬ ನನ್ನನ್ನು ಅವಳ ಕೈಗೆ ಮರಳಿ ಕೊಟ್ಟ. "ಇಲ್ಲ," ಎಂದ.

ರುಕ್ಮ ಎದ್ದು ನನ್ನನ್ನು ಗೋಡೆಯ ಗೂಡಿನಲ್ಲಿಟ್ಟು, ಮಗುವಿನ ಬಾಟಲಿ ತೊಳೆಯಲು ಒಳಗೆ ಹೋದಳು. ಎದೆಹಾಲು ಬರಲೇ ಇಲ್ಲ. ಬೇರೊಂದು ಪುಡಿಹಾಲು ಕೊನೆಗೂ ಮಗುವಿಗೆ ಒಗ್ಗಿತ್ತು.

ಅಂದಿನಿಂದ ನಾನು ಈ ಗೂಡಿನಲ್ಲೇ ಇದ್ದೇನೆ. ನನ್ನ ಗಾಜು ಮಂಜಾಗಿದೆ, ಕೀಲಿ ಹಿಡಿದುಕೊಂಡಿದೆ. ಪ್ರಯೋಗಾಲಯದಲ್ಲಿ ಈಗ ಇಲಿಗಳಿಲ್ಲವಂತೆ, ಬಳಚಿನ ರಸ ಹಾಕಿದರೆ ಕಾಗದದ ಮೇಲೆ ಗೆರೆ ಬರೆದು ವಿಷ ಹೇಳುವ ಯಂತ್ರ ಬಂದಿದೆಯಂತೆ. ಬಳಚು ಚಿಪ್ಪಿನ ಸಮೇತ ಬಾರದಿದ್ದರೆ ಬಾಗಿಲಲ್ಲೇ ವಾಪಸು ಕಳಿಸುತ್ತಾರಂತೆ. ಒಳ್ಳೆಯದೇ. ಮಗು ಈಗ ದೊಡ್ಡ ಹುಡುಗಿ, ಹೈಸ್ಕೂಲಿಗೆ ಹೋಗುತ್ತಾಳೆ. ಗಂಡ ಹೆಂಡತಿ ಜಗಳವಾಡಿದ್ದನ್ನು ನಾನು ಕಂಡಿಲ್ಲ. ಅವನು ಹೊರಡುವಾಗ ಬುತ್ತಿ ಕಟ್ಟುತ್ತಾಳೆ, ಜ್ವರ ಬಂದರೆ ಗಂಜಿ ಕೊಡುತ್ತಾಳೆ. ತಾನು ಬದುಕಿದ್ದು ಯಾರಿಂದ ಎಂಬುದು ಅವಳಿಗೆ ಗೊತ್ತು. ಅಷ್ಟು ಬಿಗಿಯಾಗಿ ಹಿಡಿದುಕೊಂಡವನನ್ನು ದ್ವೇಷಿಸಲೂ ಆಗದೆ, ಕ್ಷಮಿಸಲೂ ಆಗದೆ ಅವಳು ಸವೆದುಹೋಗಿದ್ದಾಳೆ.

ರಜೆಯ ದಿನ ಮಧ್ಯಾಹ್ನ ರುಕ್ಮ ಚಾಪೆ ಹಾಸಿ ಮಲಗುತ್ತಾಳೆ. ವಿಠೋಬ ಬಾಗಿಲಲ್ಲಿ ಬಂದು ನಿಲ್ಲುತ್ತಾನೆ. ಅವಳ ಎದೆ ಏರುವುದನ್ನು, ಇಳಿಯುವುದನ್ನು ನೋಡುತ್ತ ನಿಂತೇ ಇರುತ್ತಾನೆ. ಅವಳಿಗೆ ನಿದ್ದೆ ಬಂದಿರುವುದಿಲ್ಲ. ಕಣ್ಣು ತೆರೆಯದೆ, ಗೋಡೆಯ ಕಡೆ ಹೊರಳಿ ಹೇಳುತ್ತಾಳೆ:

"ಉಸ್ರು ಉಂಟು. ಹೋಗಿ."